ಹಾವನ್ನು ದೂರ ಬಿಟ್ಟರೆ ಒಳ್ಳೆಯದಾ? ಒಂದು ಸ್ಪಷ್ಟನೆ

'ಮನೆಯಲ್ಲಿ ಹಿಡಿದ ಹಾವನ್ನು ದೂರದ ಕಾಡಿಗೇ ಬಿಡಿ, ಇಲ್ಲದಿದ್ದರೆ ಸೇಡಿಗೆ ವಾಪಸ್ ಬರುತ್ತದೆ' ಎಂಬ ವಾಟ್ಸ್ಆ್ಯಪ್ ಸಂದೇಶ ಓಡಾಡುತ್ತಿದೆ. ಇದು ತಪ್ಪು. ಹಾವಿಗೆ ಸೇಡು ಗೊತ್ತಿಲ್ಲ. ಅದು ಬರುವುದು ಇಲಿ, ಕಪ್ಪೆ ಹುಡುಕಿಕೊಂಡು.

ದೂರ ಬಿಟ್ಟರೆ ಹಾವಿಗೇ ಕಷ್ಟ ಜಾಸ್ತಿ. ಅಡಗುವ ಬಿಲ, ನೀರು, ಬೇಟೆ ಯಾವುದೂ ಅಲ್ಲಿ ಗೊತ್ತಿರುವುದಿಲ್ಲ. ಆಗುಂಬೆಯಲ್ಲಿ ರೇಡಿಯೋ ಟ್ರಾನ್ಸ್‌ಮಿಟರ್ ಅಳವಡಿಸಿ ಕಾಳಿಂಗಗಳ ಜಾಡು ಹಿಡಿದಾಗ, ಬೇರೆಡೆಗೆ ಒಯ್ದು ಬಿಟ್ಟ ಹಾವು ನೆಲೆ ನಿಲ್ಲದೆ ಅಲೆದಾಡಿದ್ದು ಕಂಡುಬಂತು. ಅದಕ್ಕೇ ಪಳಗಿದ ರಕ್ಷಕರು ಹಾವು ಸಿಕ್ಕ ಜಾಗದ ಆಸುಪಾಸಿನಲ್ಲೇ, ಮನೆಗಳಿಲ್ಲದ ಕಡೆ ಬಿಡುತ್ತಾರೆ. ಅಂಗಳ ದಾಟುವ ಕೇರೆಯನ್ನಂತೂ ಸುಮ್ನೆ ಬಿಟ್ಟರೆ ಸಾಕು, ಇಲಿ ಕಾಟ ಕಡಿಮೆಯಾಗುತ್ತದಲ್ವಾ!

ಒಳಗೆ ನುಗ್ಗಿದರೆ ನೀವೇ ಹಿಡಿಯಬೇಡಿ, ಕೊಲ್ಲಲೂ ಬೇಡಿ. 1972ರ ವನ್ಯಜೀವಿ ಕಾಯ್ದೆ ನಾಗರ, ಕೇರೆ ಎರಡನ್ನೂ ಕಾಯುತ್ತದೆ. ದೂರ ನಿಂತು ಕಣ್ಣಿಟ್ಟಿರಿ, ಅರಣ್ಯ ಇಲಾಖೆಗೆ ಫೋನ್ ಮಾಡಿ.