ಎಲ್ಲವೂ ಐದೇ ನಿಮಿಷ

ಗಾವುದ, ಮೈಲಿ, ಕಿಲೋಮೀಟರು ಎಲ್ಲ ಹೋದವು. ಮನೆ ಮಾರುವವರಿಗೆ ದೂರ ಅಳೆಯಲು ಈಗ ಉಳಿದಿರುವ ಮಾನ ಒಂದೇ, ನಿಮಿಷ. ಯಾವ ಬಡಾವಣೆಯ ಬ್ರೋಷರ್ ಬಿಡಿಸಿದರೂ ಶಾಲೆ ಐದು ನಿಮಿಷ, ಆಸ್ಪತ್ರೆ ಐದು ನಿಮಿಷ, ರೈಲು ನಿಲ್ದಾಣವೂ ಐದೇ ನಿಮಿಷ. ಎಷ್ಟು ಹೊತ್ತಿಗೆ, ಯಾತರಲ್ಲಿ ಹೋದರೆ ಎಂದು ಕೇಳಿದವನು ಮನೆ ಕೊಳ್ಳುವ ಗಿರಾಕಿಯೇ ಅಲ್ಲ.

ಕಾಲ್ನಡಿಗೆಗೆ ಐದು ನಿಮಿಷ ಎಂದರೆ ಸುಮಾರು 400 ಮೀಟರ್. ಗಂಟೆಗೆ 60 ಕಿಲೋಮೀಟರ್ ಓಡುವ ಕಾರಿಗೆ ಅದೇ ಐದು ನಿಮಿಷ 5 ಕಿಲೋಮೀಟರ್. ಬ್ರೋಷರಿನ ಕಾರು ಸದಾ 60ರಲ್ಲೇ ಇರುತ್ತದೆ. ಅದಕ್ಕೆ ಸಿಗ್ನಲ್ ಅಡ್ಡ ಬರುವುದಿಲ್ಲ, ಯೂ-ಟರ್ನ್ ಹುಡುಕುವ ಪಾಡೂ ಇಲ್ಲ. ನಿಮ್ಮ ಕಾರು ಬೆಳಗಿನ ಎಂಟೂವರೆಗೆ 12ರಲ್ಲಿ ತೆವಳಿದರೆ ಅದೇ ದಾರಿಗೆ 25 ನಿಮಿಷ. ಹೋಗಿ ಬರುವುದು ಸೇರಿ ವಾರಕ್ಕೆ ಐದು ದಿನ ಅಂದರೆ, ಬ್ರೋಷರಿಗಿಂತ 200 ನಿಮಿಷ ಜಾಸ್ತಿ.

ಇದು ಒಬ್ಬರ ಲೆಕ್ಕ. ನಾಲ್ವರ ಸಂಸಾರದಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತದೆ: ಗಂಡನ ಆಫೀಸು ಪೂರ್ವಕ್ಕೆ, ಹೆಂಡತಿಯದು ಪಶ್ಚಿಮಕ್ಕೆ. ಹತ್ತಿರದ ಶಾಲೆಯಲ್ಲಿ ಚಿಕ್ಕದಕ್ಕೆ ಸೀಟು ಸಿಕ್ಕರೂ ದೊಡ್ಡದರ ತರಗತಿ ಭರ್ತಿ. ಆಮೇಲೆ ಇಬ್ಬರು ಮಕ್ಕಳಿಗೆ ಎರಡು ದಿಕ್ಕಿನ ಎರಡು ಬಸ್ಸು.

ಇನ್ನು ಮನೆ ತೋರಿಸುವ ಮುಹೂರ್ತ. ಭಾನುವಾರ ಬೆಳಿಗ್ಗೆ ಹತ್ತು ಗಂಟೆ, ಬೇಸಿಗೆಯಾದರೆ ಸರ್ವಶ್ರೇಷ್ಠ. ಊರೆಲ್ಲ ಮಲಗಿರುತ್ತದೆ, ಚರಂಡಿ ಒಣಗಿರುತ್ತದೆ, ಪಕ್ಕದ ಗ್ಯಾರೇಜಿಗೆ ರಜೆ. ಸೋಮವಾರ ಎಂಟೂವರೆಗೆ ಗೇಟಿನಿಂದ ಆಫೀಸಿನ ತನಕ ಹೋಗಿ, ಸಂಜೆ ಅದೇ ದಾರಿಯಲ್ಲಿ ಬಂದು, ರಾತ್ರಿ ಹನ್ನೊಂದಕ್ಕೆ ಮಲಗುವ ಕೋಣೆಯ ಕಿಟಕಿಯ ಕೆಳಗೆ ಹತ್ತು ನಿಮಿಷ ನಿಂತರೆ ಬಡಾವಣೆಯ ಜಾತಕ ಗೊತ್ತಾಗುತ್ತದೆ. ಆದರೆ ಹಾಗೆ ನಿಂತವರನ್ನು ವಾಚ್‌ಮನ್ ಕಳ್ಳನೆಂದು ವಿಚಾರಿಸಿಕೊಳ್ಳುತ್ತಾನೆ.

ಬಡಾವಣೆಯ ಹೆಸರಿನಲ್ಲಿ ಕೆರೆ ಇದ್ದರೆ ಆಕಾಶ ನೋಡಬೇಡಿ, ನೆಲ ನೋಡಿ. ಅಕ್ಕಪಕ್ಕದ ಹಳೆಮನೆಗಳ ಗೇಟಿನ ಮುಂದೆ ಈಚೆಗೆ ಕಟ್ಟಿದ ಒಂದಡಿ ಕಟ್ಟೆ ಇದೆಯೇ? ಕಾಂಪೌಂಡಿನ ಬಣ್ಣ ಮೊಣಕಾಲೆತ್ತರದ ತನಕ ಮಾತ್ರ ಉಬ್ಬಿ, ಬಿಳಿ ಉಪ್ಪು ಕಾರಿದೆಯೇ? ನೆಲಮಾಳಿಗೆಯ ಮೂಲೆಯಲ್ಲಿ ಒಂದರ ಪಕ್ಕ ಇನ್ನೊಂದು ಪಂಪು ಕೂತಿದೆಯೇ? ಹಾಗಿದ್ದರೆ ಕೆರೆ ಎಲ್ಲೂ ಹೋಗಿಲ್ಲ, ಮಳೆಗಾಲಕ್ಕೆ ತವರಿಗೆ ಬರುತ್ತದೆ. ಮಾರುವವರು ಇದನ್ನು ಕೇಳಿದರೆ ‘ವಾಟರ್ ಫ್ರಂಟ್’ ಎಂದು ದರ ಏರಿಸಿಯಾರು.

ಬಾಲ್ಕನಿಯೆದುರಿನ ಹಸಿರು ಬಯಲೂ ಅಷ್ಟೆ. ಯೋಜನಾ ಕಚೇರಿಯ ಭೂಬಳಕೆ ನಕ್ಷೆಯಲ್ಲಿ ಅದು ಉದ್ಯಾನವೆಂದು ಗುರುತಾಗಿರದಿದ್ದರೆ, ಅದು ಮುಂದಿನ ಬ್ರೋಷರು.

ಇಷ್ಟೆಲ್ಲ ಯಾಕೆ? ದೊಡ್ಡ ಮನೆಗೆ. ಎಷ್ಟು ದೊಡ್ಡದು? ಕಾಗದದ ಮೇಲೆ 1,600 ಚದರಡಿ. ಅದರಲ್ಲಿ ಗೋಡೆ, ಲಿಫ್ಟು, ಮೆಟ್ಟಿಲು, ಲಾಬಿಯ ಪಾಲೆಂದು ಶೇಕಡಾ 30 ಹೋದರೆ ಕಾಲಿಡಲು ಸಿಗುವುದು 1,120. ಈಗಿರುವ ಮನೆಯ ಒಳಗನ್ನು ಟೇಪು ಹಿಡಿದು ಅಳೆದಾಗ 1,000 ಬಂದರೆ, ಗಳಿಕೆ 120 ಚದರಡಿ. ಅಂದರೆ 10 ಅಡಿಗೆ 12 ಅಡಿಯ ಒಂದು ಕೋಣೆ.

ಆ ಕೋಣೆಯನ್ನೂ ನಕ್ಷೆಯಲ್ಲಿ ಒಮ್ಮೆ ನೋಡಿಬಿಡಿ. ಮಂಚ, ಕಪಾಟು, ಓದುವ ಮೇಜು, ಹೂಕುಂಡ ಎಲ್ಲ ಇಟ್ಟೂ ಮಕ್ಕಳು ಕುಂಟೆಬಿಲ್ಲೆ ಆಡುವಷ್ಟು ಜಾಗ! ಕೋಣೆಯ ಬಾಗಿಲಿನ ಅಗಲ 3 ಅಡಿಯೆಂದು ಹಿಡಿದು ಅದೇ ಅಳತೆಯಲ್ಲಿ ಮಂಚ ಅಳೆದರೆ, ಉದ್ದ ನಾಲ್ಕೂವರೆ ಅಡಿ. ಬ್ರೋಷರಿನ ಸಂಸಾರ ಕಾರು ಓಡಿಸುವಾಗ ಅವಸರದ್ದು, ಮಲಗುವಾಗ ಕುಳ್ಳರದ್ದು. ನಿಮ್ಮ ಆರೂವರೆ ಅಡಿ ಮಂಚವನ್ನು ಆ 10 ಅಡಿಯ ಉದ್ದಕ್ಕೆ ಚಾಚಿ ಇಟ್ಟು, ಕಾಲ ದಿಕ್ಕಿನ ಗೋಡೆಗೆ 2 ಅಡಿ ಆಳದ ಕಪಾಟು ನಿಲ್ಲಿಸಿದರೆ ನಡುವೆ ಉಳಿಯುವುದು ಒಂದೂವರೆ ಅಡಿ. ಕಪಾಟಿನ ಬಾಗಿಲು ತೆರೆಯಬೇಕಾದರೆ ಮಂಚ ಹತ್ತಿ ನಿಲ್ಲಬೇಕು. ಹತ್ತಲು ಐದು ನಿಮಿಷವೇನೂ ಬೇಡ.