‘ಹಳೇ ಬೆಂಗಳೂರು’ ಚಿತ್ರಗಳನ್ನು ಬರೆದವರು ಯಾರು ಗೊತ್ತಾ?

ಆ ಚಿತ್ರಗಳು ಮತ್ತೆ ವಾಟ್ಸ್ಯಾಪ್‌ನಲ್ಲಿ ಸುತ್ತುತ್ತಿವೆ. ಕೋಟೆ ಗೋಡೆ, ದೂರದ ಬೆಟ್ಟ, ಮರದಡಿ ನಾಲ್ಕು ಜನ. ಕೆಳಗೆ ‘ಎಷ್ಟು ನೆಮ್ಮದಿಯಾಗಿತ್ತು ನಮ್ಮೂರು’ ಅಂತ ಒಂದು ಸಾಲು. ನಾನೂ ಹಿಂದೆ ಕಳಿಸಿದ್ದೇನೆ. ಈಗ ಕೈ ತಡೆಯುತ್ತದೆ.

ಇವುಗಳಲ್ಲಿ ಹಲವನ್ನು ಬರೆದವರು ಸುಮ್ನೆ ಊರು ನೋಡಲು ಬಂದವರಲ್ಲ. ರಾಬರ್ಟ್ ಹೋಮ್, ಟಿಪ್ಪು ಮೇಲೆ ಯುದ್ಧಕ್ಕೆ ಬಂದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯದ ಜೊತೆ ಬಂದ ಕಲಾವಿದ. 1791ರ ಮಾರ್ಚ್‌ನಲ್ಲಿ ಮೊದಲು ಬೆಂಗಳೂರು ಪೇಟೆ ಬಿತ್ತು, ಎರಡು ವಾರಕ್ಕೆ ಕೋಟೆ. ಅಕ್ಟೋಬರ್‌ನಲ್ಲಿ ನಂದಿ, ಡಿಸೆಂಬರ್‌ನಲ್ಲಿ ಸಾವನದುರ್ಗ. ಫಿರಂಗಿ ಹೋದ ದಾರಿಯಲ್ಲೇ ಪೆನ್ಸಿಲ್ಲೂ ಹೋಯಿತು. 1794ರಲ್ಲಿ ಹೋಮ್‌ನ ಮೈಸೂರು ಸೀಮೆಯ ಚಿತ್ರಗಳು ಅಚ್ಚಾಗಿ ಬಂದವು.

ಇಂಥ ಚಿತ್ರ ಬರೆದ ಇನ್ನಿಬ್ಬರು, ಅಲೆಕ್ಸಾಂಡರ್ ಅಲನ್ ಮತ್ತು ಕೋಲ್‌ಬ್ರೂಕ್ ಅಂತೂ ಸೈನ್ಯದ ಅಧಿಕಾರಿಗಳೇ. ಕೋಲ್‌ಬ್ರೂಕ್ ಸರ್ವೆಯವನು, ಮುಂದೆ ಬಂಗಾಳದ ಸರ್ವೇಯರ್ ಜನರಲ್ ಆದ. ಫೋಟೋ ಇಲ್ಲದ ಕಾಲ ನೋಡಿ. ಬೆಟ್ಟದ ಏರು ಎಷ್ಟು, ಗೋಡೆ ಎಲ್ಲಿ ತಗ್ಗು, ಹಳ್ಳ ಯಾವ ಕಡೆ ಅಂತ ಬರೆದು ತೋರಿಸುವುದು ಅಧಿಕಾರಿಗೆ ಬೇಕಾದ ವಿದ್ಯೆ. ಇಂಗ್ಲೆಂಡಿನ ವೂಲಿಚ್‌ನ ಸೈನಿಕ ಶಾಲೆಯಲ್ಲಿ ಪಾಲ್ ಸ್ಯಾಂಡ್‌ಬಿಯಂಥ ಹೆಸರಾಂತ ಕಲಾವಿದನೇ ಡ್ರಾಯಿಂಗ್ ಮೇಷ್ಟ್ರು!

ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಲ್ಲ. ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ ಹೊಟ್ಟೆಪಾಡಿಗೆ ಬಂದ ಚಿತ್ರಕಾರರು. ಹೊರಟಾಗ ಹುಡುಗನಿಗೆ ಇನ್ನೂ ಹದಿನಾರು. ಕ್ಯಾಮೆರಾ ಅಬ್ಸ್ಕ್ಯೂರಾ ಎಂಬ ಕತ್ತಲೆ ಪೆಟ್ಟಿಗೆ ಹೊತ್ತು, ಅದರೊಳಗೆ ಬೀಳುವ ನೋಟದ ಗೆರೆಗಳನ್ನೇ ಹಿಡಿದು ಊರೂರು ಬರೆದರು. ಇಂಗ್ಲೆಂಡಿಗೆ ಮರಳಿದ ಮೇಲೆ 144 ಚಿತ್ರ ಅಚ್ಚು ಹಾಕಿಸಿದರು. ಆದರೆ ಅವರೂ ನಮ್ಮ ಕಡೆ ಕಾಲಿಟ್ಟದ್ದು 1792ರಲ್ಲಿ, ಯುದ್ಧ ಮುಗಿದ ಮೇಲೆ. ದಾರಿ ಸುಮ್ನೆ ತೆರೆದಿರಲಿಲ್ಲ ಅಲ್ವಾ?

ಆದರೂ ಆ ಚಿತ್ರಗಳು ನನಗೆ ಇಷ್ಟ. ಆ ಕೈ ಸುಳ್ಳಲ್ಲ. ಅದು ಗೊತ್ತಾಗಿದ್ದು ಹೋದ ತಿಂಗಳು, ಸಾವನದುರ್ಗದ ಬುಡದಲ್ಲಿ ಸ್ಕೆಚ್ ಪುಸ್ತಕ ಹಿಡಿದು ಕೂತಾಗ. ಆ ಬಂಡೆ ಹಾಳೆಗೆ ಹಿಡಿಸುವುದೇ ಇಲ್ಲ! ಮೂರು ಸಲ ಬರೆದೆ, ಮೂರು ಸಲವೂ ಇಡ್ಲಿ ಥರ ಬಂತು. ಮಳೆನೀರು ಇಳಿದು ಮೂಡಿದ ಕಪ್ಪು ಪಟ್ಟೆಗಳನ್ನು ಎಳೆದ ಮೇಲಷ್ಟೇ ಒಂಚೂರು ಬೆಟ್ಟದ ಹಾಗೆ ಕಾಣಿಸಿತು.

ಮೇಕೆ ಮೇಯಿಸುತ್ತಿದ್ದ ಅಜ್ಜ ಒಬ್ಬರು ಬಂದು, ಬಗ್ಗಿ ಪುಸ್ತಕ ನೋಡಿ ಕೇಳಿದರು, “ಸರ್ವೆನವ್ರಾ ಸಾಮಿ? ನಮ್ ಜಮೀನೂ ಹೋಯ್ತದಾ?”