ಕಂಪನಿಯದ್ದೇ ಅನ್ನಬೇಡಿ, ಕಟ್ಟಿದವರ ಕೆಲಸ ಅನ್ನಿ

ಕಳೆದ ತಿಂಗಳು ಒಂದು ಹಳೇ ಪಿಕಪ್ ನೋಡಲು ಹೋಗಿದ್ದೆ. ಡೆನ್ವರಿನ ನಮ್ಮ ಮನೆಯಿಂದ ಎರಡು ಗಂಟೆ ದಾರಿ. 1975ರ ಶೆವ್ರೊಲೆ (ಇಲ್ಲಿನವರ ಬಾಯಲ್ಲಿ ಶೆವಿ), ಹೆಚ್ಚು ಭಾರ ಹೊರುವ ‘ಒನ್ ಟನ್’ ವರ್ಗದ್ದು, ಫೋರ್‌ವೀಲ್ ಡ್ರೈವ್, ಹಿಂದೆ ಎರಡೂ ಕಡೆ ಜೋಡಿ ಟೈರು, ನಮ್ಮ ಲಾರಿಗಳಿಗೆ ಇರುತ್ತಲ್ಲ ಹಾಗೆ. ಇಂಥ ಗಾಡಿಗೆ ಇಲ್ಲಿನವರು ‘ಡ್ಯೂಲಿ’ ಅನ್ನುತ್ತಾರೆ. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದರು: ಎಲ್ಲವೂ ಕಂಪನಿಯದ್ದೇ.

ಆ ಮಾತು ನಿಜ ಆಗಲು ಸಾಧ್ಯವೇ ಇಲ್ಲ. ಹೊರಡುವ ಮೊದಲೇ ನನಗೆ ಗೊತ್ತಿತ್ತು. ಆದರೂ ಹೋದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಶೆವ್ರೊಲೆ ಮಾಡುವ ಜನರಲ್ ಮೋಟರ್ಸ್ ಜೋಡಿ ಚಕ್ರದ ಒನ್ ಟನ್ ಪಿಕಪ್ ತಂದದ್ದು 1973ರಲ್ಲಿ. ಹೆಸರು ಸಿ30. ಆಗ ಅಮೆರಿಕದ ಜನ ಪಿಕಪ್ಪಿನ ಹಿಂದಿನ ಬಾಡಿಯಲ್ಲಿ ಪುಟ್ಟ ಮನೆಯಂಥ ಕ್ಯಾಂಪರ್ ಕೂರಿಸಿಕೊಂಡು, ಹೆಂಡತಿ ಮಕ್ಕಳ ಜೊತೆ ಊರೂರು ಸುತ್ತುತ್ತಿದ್ದರು. ಆ ಎತ್ತರದ ಭಾರ ಗಾಳಿಗೆ ಓಲಾಡಬಾರದು ಅಂದರೆ ಹಿಂದೆ ನಾಲ್ಕು ಟೈರು ಬೇಕು. ಅವರು ಹೋಗುತ್ತಿದ್ದದ್ದು ಟಾರು ರಸ್ತೆಯಲ್ಲಿ. ಹಾಗಾಗಿ ಸಿ30 ಟೂ ವೀಲ್ ಡ್ರೈವ್ ಆಗಿಯೇ ಬಂತು. ಒನ್ ಟನ್ನಿಗೆ ಫೋರ್‌ವೀಲ್ ಡ್ರೈವ್ ಸೇರಿಸಿದ ಕೆ30 ಬಂದದ್ದು 1977ರ ಮಾಡೆಲ್‌ನಲ್ಲಿ. ಅಂದಮೇಲೆ 1975ರ ಶೆವಿ ಡ್ಯೂಲಿಯ ಮುಂದಿನ ಚಕ್ರಕ್ಕೂ ಎಂಜಿನ್ ಶಕ್ತಿ ಹೋಗುತ್ತಿದೆ ಅಂದರೆ, ಅದನ್ನು ಆಮೇಲೆ ಯಾರೋ ಕೂತು ಮಾಡಿದ್ದಾರೆ ಅಂತಲೇ ಅರ್ಥ.

ಎಲ್ಲಾ ಕಂಪನಿಗಳಿಗೂ ಇದೇ ಲೆಕ್ಕ ಹಿಡಿಯಬೇಡಿ. ಡಾಡ್ಜ್‌ನವರ ಡಬ್ಲ್ಯು300 ಪವರ್ ವ್ಯಾಗನ್ 1960ರ ದಶಕದಲ್ಲೇ ಒನ್ ಟನ್ ಫೋರ್‌ವೀಲ್ ಡ್ರೈವ್ ಆಗಿ ಸಿಗುತ್ತಿತ್ತು, ಬೇಕಾದರೆ ಹಿಂದೆ ಜೋಡಿ ಚಕ್ರವನ್ನೂ ಹಾಕಿಸಿಕೊಳ್ಳಬಹುದಿತ್ತು. 1989ರಲ್ಲಿ ಕಮಿನ್ಸ್ ಡೀಸೆಲ್ ಎಂಜಿನ್ ಬಂದಮೇಲೂ ಡಬ್ಲ್ಯು350 ಹಾಗೆ ಸಿಗುತ್ತಿತ್ತು.

ನನಗೆ ಜಾಸ್ತಿ ವಾದ ಆಗುವುದು ಫೋರ್ಡ್ ವಿಷಯದಲ್ಲಿ. 1980ರಿಂದ 1997ರವರೆಗಿನ ಎಫ್-350ನಲ್ಲಿ ನಾಲ್ಕು ಬಾಗಿಲಿನ ಫೋರ್‌ವೀಲ್ ಡ್ರೈವ್ ಇತ್ತು, ಆದರೆ ಒಂಟಿ ಚಕ್ರ. ನಾಲ್ಕು ಬಾಗಿಲಿನ ಡ್ಯೂಲಿಯೂ ಇತ್ತು, ಆದರೆ ಟೂ ವೀಲ್ ಡ್ರೈವ್. ಎರಡೂ ಸೇರಿದ ಪಿಕಪ್ ಕಂಪನಿಯಿಂದ ಬಂದದ್ದು 1999ರ ಸೂಪರ್ ಡ್ಯೂಟಿಯಲ್ಲಿ. ಅದಕ್ಕೂ ಮೊದಲು ಫೋರ್‌ವೀಲ್ ಡ್ರೈವ್ ಜೊತೆ ಜೋಡಿ ಚಕ್ರ ಬೇಕಿದ್ದವರಿಗೆ ಕಂಪನಿ ಕೊಡುತ್ತಿದ್ದದ್ದು ಬರೀ ಚಾಸಿ ಮತ್ತು ಕ್ಯಾಬಿನ್. ಹಿಂದೆ ಏನು ಕಟ್ಟಿಸಿಕೊಳ್ಳುತ್ತೀರೋ ನಿಮ್ಮಿಷ್ಟ. ಅಂಥ ಚಾಸಿ ಮೇಲೆ ಯಾರೋ ಪಿಕಪ್ ಬಾಡಿ ಕೂರಿಸಿದ್ದರೆ ಅದು ಕಂಪನಿಯದ್ದಾ, ಅಲ್ವಾ? ನಾನು ಹೇಳುವುದು ಇಷ್ಟೇ: ಚಕ್ರ, ಆಕ್ಸಲ್, ಎಂಜಿನ್ ಕಂಪನಿಯದ್ದು, ಪಿಕಪ್ ಮಾಡಿದ್ದು ಬೇರೆಯವರು. ಎರಡನ್ನೂ ಹೇಳಿಬಿಡಿ.

ಸರಿ, ಆ ಗಾಡಿಯ ಕಥೆಗೆ ಬರುತ್ತೇನೆ. 1973ರಿಂದ 1980ರವರೆಗಿನ ಶೆವಿಯ ಚಾಸಿ ನಂಬರಿನ ಎರಡನೇ ಅಕ್ಷರ ನೋಡಿದರೆ ಸಾಕು. ‘ಕೆ’ ಇದ್ದರೆ ಫೋರ್‌ವೀಲ್ ಡ್ರೈವ್ ಆಗಿ ಹುಟ್ಟಿದ ಗಾಡಿ. ‘ಸಿ’ ಇದ್ದರೆ ಟೂ ವೀಲ್. ಇಲ್ಲಿ ‘ಸಿ’ ಇತ್ತು. ಗ್ಲೋವ್ ಬಾಕ್ಸಿನ ಒಳಗೆ ಕಂಪನಿಯವರು ಅಂಟಿಸಿದ ಚೀಟಿ ಇರುತ್ತದೆ, ಗಾಡಿಗೆ ಏನೇನು ಹಾಕಿ ಕಳಿಸಿದರು ಅಂತ. ಅದರಲ್ಲಿ ಆರ್05 ಅಂತ ಇದ್ದರೆ ಜೋಡಿ ಚಕ್ರ ಕಂಪನಿಯದ್ದು. ಆ ಚೀಟಿ ಮಾಸಿತ್ತು, ಆದರೂ ಆರ್05 ಓದಲು ಬಂತು. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಹಿಂದಿನದ್ದು ಕಂಪನಿಯದ್ದು, ಮುಂದಿನದ್ದು ಯಾರದ್ದೋ.

ಆಮೇಲೆ ಟಾರ್ಚ್ ಹಿಡಿದು ಗಾಡಿಯ ಕೆಳಗೆ ಮಲಗಿದೆ. ನಾನು ಹೋದದ್ದೇ ಇದಕ್ಕೆ.

ಕೆ30ರ ಮುಂದಿನ ಡಿಫರೆನ್ಷಿಯಲ್, ಅಂದರೆ ಆಕ್ಸಲ್ ಮೇಲಿನ ಗೇರುಗಳ ಗುಂಡು ಡಬ್ಬಿ, ಇರುವುದು ಬಲಗಡೆ, ಅಂದರೆ ಇಲ್ಲಿ ಪಕ್ಕದ ಸೀಟಿನ ಕಡೆ. ಈ ಗಾಡಿಯಲ್ಲೂ ಬಲಗಡೆಯೇ ಇತ್ತು. ಫೋರ್ಡ್ ಆಕ್ಸಲ್ ತಂದು ಹಾಕಿದ್ದರೆ ಎಡಗಡೆ ಇರುತ್ತಿತ್ತು. ಅಂದರೆ ಮಾಡಿದವರು ಸಿಕ್ಕಿದ್ದನ್ನು ಸಿಕ್ಕಿಸಿಲ್ಲ, ಸರಿಯಾದ ಡಾನಾ 60 ಆಕ್ಸಲ್ ಹುಡುಕಿ ತಂದಿದ್ದಾರೆ. ಸಿ30ರ ಮುಂದೆ ಎರಡು ಚಕ್ರಕ್ಕೂ ಬೇರೆ ಬೇರೆ ಕಾಯಿಲ್ ಸ್ಪ್ರಿಂಗ್. ಕೆ30ರ ಮುಂದೆ ಇಡೀ ಆಕ್ಸಲ್, ಅದರ ಮೇಲೆ ಲಾರಿಗಿರುವಂಥ ಪಟ್ಟಾ ಸ್ಪ್ರಿಂಗ್. ಒಂದನ್ನು ಇನ್ನೊಂದು ಮಾಡಲು ಮುಂದಿನ ಅಡ್ಡ ತೊಲೆ ತೆಗೆಯಬೇಕು, ಪಟ್ಟಾ ಹಿಡಿಯುವ ಬ್ರಾಕೆಟ್ ಕೂರಿಸಬೇಕು, ಸ್ಟಿಯರಿಂಗ್ ಬದಲಿಸಬೇಕು, ಎಂಜಿನ್ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಹಾಕಬೇಕು, ಎರಡೂ ಪ್ರೊಪೆಲ್ಲರ್ ಶಾಫ್ಟ್ ಅಳತೆಗೆ ಮಾಡಿಸಬೇಕು. ಡ್ಯೂಲಿ ಚಕ್ರ ಕೂರಲು ಮುಂದಿನ ಹಬ್ಬೂ ಬೇರೆ. ಮುಂದಿನ ಹಿಂದಿನ ಆಕ್ಸಲ್‌ಗಳ ಗೇರ್ ರೇಷಿಯೋ ಒಂದೇ ಇರಬೇಕು, ಇಲ್ಲದಿದ್ದರೆ ಫೋರ್‌ವೀಲ್ ಹಾಕಿದ ತಕ್ಷಣ ಎರಡೂ ಒಂದನ್ನೊಂದು ಎಳೆದಾಡುತ್ತವೆ. ನಾವು ಜಾಕ್ ಏರಿಸಿ ಚಕ್ರ ತಿರುಗಿಸಿ ಎಣಿಸಿದೆವು. ಸರಿಯಾಗಿತ್ತು.

ವೆಲ್ಡಿಂಗ್ ನೋಡಿ ನನಗೆ ಮಾತೇ ಹೊರಡಲಿಲ್ಲ. ಒಂದೇ ಸಮ, ಎಲ್ಲೂ ಉಕ್ಕಿಲ್ಲ, ಎಲ್ಲೂ ತೂತಿಲ್ಲ. ಬ್ರಾಕೆಟ್ಟುಗಳಿಗೆ ಒಳಗಿನಿಂದ ಇನ್ನೊಂದು ತಗಡಿನ ಆಸರೆ. ಬ್ರೇಕಿನ ಪೈಪುಗಳನ್ನು ಅಲ್ಲಲ್ಲಿ ಕ್ಲಿಪ್ ಹಾಕಿ ಚಾಸಿಗೆ ಒರಗಿಸಿದ್ದರು. ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಅಷ್ಟು ಶ್ರದ್ಧೆ.

ನನಗೆ ಸಿಟ್ಟು ಬಂದದ್ದು ಆಗ. ಮೋಸದ ದುಡ್ಡಿಗಾಗಿ ಅಷ್ಟೇ ಅಲ್ಲ. ‘ಕಂಪನಿಯದ್ದೇ’ ಅಂದ ಒಂದೇ ಮಾತಿಗೆ ಈ ಕೆಲಸ ಮಾಡಿದ ಕೈಗಳೇ ಅಳಿಸಿಹೋದವು. ತಿಂಗಳುಗಟ್ಟಲೆ ಗ್ಯಾರೇಜಿನಲ್ಲಿ ಬೆನ್ನು ಬಗ್ಗಿಸಿದವರು ಇರಲೇ ಇಲ್ಲ ಅಂದ ಹಾಗಾಯಿತು.

ನಾನು ಬೆಳೆದದ್ದು ದಾವಣಗೆರೆಯಲ್ಲಿ. ಹೈವೇಯಲ್ಲಿ ಬರೀ ಚಾಸಿ ಲಾರಿಗಳು ಸಾಲಾಗಿ ಹೋಗುವುದನ್ನು ನೋಡಿದವರಿಗೆ ಗೊತ್ತು. ಕ್ಯಾಬಿನ್ ಇಲ್ಲ, ಬಾಗಿಲಿಲ್ಲ, ಡ್ರೈವರ್ ತಲೆಗೆ ಟವೆಲ್ ಸುತ್ತಿಕೊಂಡು ಬಿಸಿಲಲ್ಲಿ ಕೂತಿರುತ್ತಿದ್ದ. ಕ್ಯಾಬಿನ್, ಬಾಡಿ ಎಲ್ಲಾ ಆಮೇಲೆ ಶೆಡ್ಡಿನಲ್ಲಿ, ಬಡಗಿ, ವೆಲ್ಡರ್, ಪೇಂಟರ್ ಸೇರಿ ಕಟ್ಟುತ್ತಿದ್ದರು. ಆ ಲಾರಿಯನ್ನು ನಕಲಿ ಅಂತ ಯಾರೂ ಅನ್ನಲಿಲ್ಲ. ಬಾಡಿ ಕಟ್ಟಿದವರ ಹೆಸರನ್ನು ಬಣ್ಣದಲ್ಲಿ ಬರೆಸಿಕೊಂಡು ಓಡಾಡುತ್ತಿದ್ದವು. ಯಾರ ಹತ್ತಿರ ಕಟ್ಟಿಸಿದೆ ಅಂತ ಲಾರಿ ಮಾಲೀಕರು ಹೆಮ್ಮೆಯಿಂದ ಹೇಳುತ್ತಿದ್ದರು.

ಮಾರುವವರಿಗೆ ಇದನ್ನೆಲ್ಲ ಸಮಾಧಾನವಾಗಿ ಹೇಳಿದೆ. ಚಾಸಿ ನಂಬರ್ ತೋರಿಸಿದೆ. ಅವರಿಗೂ ಗೊತ್ತಿರಲಿಲ್ಲವಂತೆ, ಕೊಂಡಾಗ ಯಾರೋ ಹಾಗೇ ಹೇಳಿದ್ದರಂತೆ. ಹಾಗೇ ಬಾಯಿಂದ ಬಾಯಿಗೆ ಬಂದಿರಬೇಕು. ಬೆಲೆ ಸ್ವಲ್ಪ ಇಳಿಸಿದರು. ನಾನು ಕೊಂಡುಕೊಂಡೆ.

ಮೊನ್ನೆ ಭಾನುವಾರ ಟ್ರಾನ್ಸ್‌ಫರ್ ಕೇಸಿನ ಅಡ್ಡ ತೊಲೆಯ ಮಣ್ಣು ಕೆರೆದು ತೊಳೆಯುತ್ತಿದ್ದೆ. ಒಳಗಡೆ, ವೆಲ್ಡಿಂಗ್ ಪಕ್ಕದಲ್ಲಿ, ಪಂಚ್‌ನಿಂದ ಕುಟ್ಟಿದ ಎರಡು ಅಕ್ಷರ ಮತ್ತು ‘88’ ಕಂಡಿತು. ಅದರ ಮೇಲೆ ಬಣ್ಣ ಬಳಿದಿಲ್ಲ. ಒಂದು ಕೋಟು ಪಾರದರ್ಶಕ ವಾರ್ನಿಷ್ ಹಾಕಿದ್ದೇನೆ, ತುಕ್ಕು ಹಿಡಿಯಬಾರದು ಅಂತ.